ಬೇನೆ ಬಂದರೆ

ನನ್ನ ಕನ್ನಡ ಪುಸ್ತಕದಿಂದ ಬಂದದ್ದಲ್ಲ. ಎಲೆಯಡಿಕೆಯ ಕವಳ ಜಗಿಯುವ ಅಜ್ಜಿಯಂದಿರ ಬಾಯಿಂದ ಬಂದದ್ದು. ಹಾಗಾಗಿ ಯಾರಾದರೂ ‘ಹಳ್ಳಿ ಭಾಷೆ’ ಎಂದರೆ, ಯಾವ ಹಳ್ಳಿಯದು ಎಂದು ಕೇಳುವ ಕೆಟ್ಟ ಚಾಳಿ ನನಗೆ.

ಇಂಟರ್ನೆಟ್ಟು ನಮ್ಮೂರು ಹುಲೇಕಲ್ಲಿಗೆ ಬಂದ ಹೊಸದು. ಬಸುರಿಯರಿಗೂ ಅವರ ಮನೆಯವರಿಗೂ ಅಂತ ಪಟ್ಟಣದವರು ಒಂದು ಆನ್‌ಲೈನ್ ಆರೋಗ್ಯ ಪಾಠ ತಯಾರಿಸಿದ್ದರು. ಹೆಂಗಸರನ್ನು ಕೂಡಿಸಿ ಅದನ್ನು ಕೇಳಿಸುವ ಕೆಲಸ, ಮಾತುಗಾರನೆಂಬ ಅಪಖ್ಯಾತಿಯಿಂದಾಗಿ, ಶಾಲೆ ಮಾಸ್ತರನಾದ ನನ್ನ ಪಾಲಿಗೆ ಬಂತು. ಮೌಸು ನನ್ನ ಮಾತು ಕೇಳುತ್ತಿರಲಿಲ್ಲ. ಪುಣ್ಯಕ್ಕೆ ಬಾಯಿ ಕೇಳುತ್ತಿತ್ತು.

ಮುಂದೆಯೇ ಗಂಗಕ್ಕ ಕೂತಿದ್ದರು, ಪಕ್ಕದಲ್ಲಿ ತುಂಬಿದ ಬಸುರಿ ಸೊಸೆ ವೀಣಾ. ಚೊಚ್ಚಲ ಹೆರಿಗೆಗೆ ಆಸ್ಪತ್ರೆ ಮುಟ್ಟುವುದು ತಡವಾಗಿ ವೀಣಾಳ ಜೀವ ಹೋಗಿ ಬಂದಿತ್ತು. ಈ ಸಲ ನೋವು ಕಂಡ ಕೂಡಲೇ ಶಿರಸಿಗೆ ಹೊರಡಬೇಕೆಂಬುದು ಅವಳ ಹಟ. ಅತ್ತೆಗೆ ಅದು ಬರೀ ಪುಕ್ಕಲುತನ. ಅಷ್ಟರಲ್ಲಿ ಕಂಪ್ಯೂಟರಿನ ಮಧುರ ಕಂಠ ಹೇಳಿತು: “ಬೇನೆ ಬಂದರೆ ಗಾಬರಿ ಬೇಡ. ಒಂದು ದಿನ ವಿಶ್ರಾಂತಿ ಪಡೆದು ನೋಡಿ.”

“ಕೇಳ್ದ್ಯನೇ ಕೂಸೇ?” ಗಂಗಕ್ಕ ಗೆದ್ದ ದನಿಯಲ್ಲಿ ಸೊಸೆಯತ್ತ ತಿರುಗಿದರು. “ಕಂಪ್ಯೂಟರೇ ಹೇಳ್ತು, ಒಂದಿನ ಕಾಯವು ಹೇಳಿ. ಆನು ಹೇಳಿದ್ದು ಎಂತ ಮತ್ತೆ?”

ತಾನು ಹೇಳಿದ್ದನ್ನೇ ಕಂಪ್ಯೂಟರೂ ಹೇಳಿತೆಂಬ ಅತ್ತೆಯ ಮಾತಿಗೆ ವೀಣಾ ತಲೆ ತಗ್ಗಿಸಿದಳು. ನಾನು ಪಾಠ ನಿಲ್ಲಿಸಿದೆ. ಪಾಠ ಹೇಳಿದ್ದು ಸಣ್ಣಪುಟ್ಟ ಕಾಯಿಲೆಯ ಮಾತು. ನಮ್ಮಲ್ಲಿ ಬಸುರಿಗೆ ಬೇನೆ ಬಂತೆಂದರೆ ಅದು ಹೆರಿಗೆಯ ನೋವು, ಬೇರೆ ಅರ್ಥವೇ ಇಲ್ಲ.

ಪಾಠ ಬರೆದಾಕೆಗೆ ಫೋನು ಮಾಡಿದೆ. “ಮೊದಲು ಕಾಯಿಲೆ ಅಂತಲೇ ಇತ್ತು ಸಾರ್. ಹಳ್ಳಿಯವರಿಗೆ ಹತ್ತಿರವಾಗಲಿ ಅಂತ ಬೇನೆ ಮಾಡಿದ್ವಿ” ಎಂದಳು. ಪ್ರೀತಿಯಿಂದಲೇ ಮಾಡಿದ್ದು, ಪಾಪ. ನೆಂಟರಿಗೆ ಹಾಗಲಕಾಯಿ ಇಷ್ಟವೆಂದು ಊಹಿಸಿ ಮತ್ತೆ ಮತ್ತೆ ಬಡಿಸುತ್ತೇವಲ್ಲ, ಹಾಗೆ. ವಿಷಯ ತಿಳಿದು ಗಾಬರಿಯಾದಳು. ನೀವೇ ಕೂತು ತಿದ್ದಿಕೊಡಿ ಎಂದಳು.

ಅದೇ ಹೆಂಗಸರೂ ನಾನೂ ಕೂತೆವು. ಮನ್ಮನೆಯಿಂದ ಈ ಊರಿಗೆ ಮದುವೆಯಾಗಿ ಬಂದ ನಾಗಮ್ಮ, “ಕಾಯಿಲೆಗೆ ಸೀಕು ಅಂತ ಹಾಕಿ ಮಾಸ್ತರ್ರೆ. ಬ್ಯಾನೆ ಅಂದ್ರೆ ಗಾಡಿ ಕಟ್ಟೋದೇ” ಎಂದಳು. ಹಾಗಾದರೆ ಬೇನೆಗೂ ಒಂದು ಮಾತು ಸೇರಬೇಕಲ್ಲ? ಅದನ್ನು ಯಾರ ದನಿಯಲ್ಲಿ ಹೇಳಿಸುವುದು? ಎಲ್ಲರೂ ಗಂಗಕ್ಕನನ್ನು ನೋಡಿದರು. ಕೇರಿಗೆಲ್ಲ ಕೇಳುವ ಗಂಟಲು ಅವರದು.

“ಎಂಗೆ ಇದೆಲ್ಲ ಬತ್ತಿಲ್ಲೆ” ಎಂದು ಮೈಕು ದೂಡಿದರು. ಆಮೇಲೆ ಸೊಸೆಯ ಮುಖ ನೋಡಿದರು, ಅವಳ ಚೊಚ್ಚಲ ಹೆರಿಗೆ ನೆನಪಾಯಿತೇನೋ. ಮೈಕು ಎಳೆದುಕೊಂಡು, “ಬೇನೆ ಬಂದ್ರೆ ಒಂದು ಗಳಿಗೆಯೂ ಕಾಯಡಿ. ಹೊರಡಿ” ಎಂದರು.

“ನಿಮ್ಮನೆಗೂ ಸೇರಿ ಅಲ್ದಾ ಅಮ್ಮ?” ನಾಗಮ್ಮ ಕಿಚಾಯಿಸಿದಳು. ಗಂಗಕ್ಕ ನಗಲಿಲ್ಲ.

ಮುಂದೆ ವೀಣಾಳಿಗೆ ಬೇನೆ ಬಂದಾಗ ಜೀಪು ತರಿಸಿದ್ದು ಗಂಗಕ್ಕನೇ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಬಾಣಂತಿಯನ್ನೂ ಮಗುವನ್ನೂ ನೋಡಲು ಹೋದವನು, “ಅಂತೂ ಕಂಪ್ಯೂಟರಿನ ಮಾತು ಕೇಳಿದಿರಿ” ಎಂದೆ.

“ಅದೆಂತ ಹೇಳ್ತು? ಹೇಳಿದ್ದು ಆನು” ಎಂದರು ಗಂಗಕ್ಕ. “ಎನ್ನ ಮಾತು ಆನೇ ಕೇಳದ್ದೆ ಇದ್ರೆ, ಸೊಸೆ ಕೇಳ್ತಾ?”