ಉಪ್ಪುನೀರು ಕುಡಿದ ಎಂಜಿನ್ನು

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ: ರಾಮಾ ಹರಿಕಂತ್ರ. ಕಾರವಾರದ ಬಂದರಿನಲ್ಲಿ ಯಾರನ್ನು ಕೇಳಿದರೂ "ಪಾಪದ ಮನ್ಷಾ, ಸಾಧು" ಎಂದೇ ಹೊಗಳುತ್ತಾರೆ. ಹೊಗಳುವವರು ಒಂದು ತಿಂಗಳು ಪಾಪದವರ ಹೆಂಡತಿಯಾಗಿ ಬಾಳಿ ನೋಡಲಿ.

ಅವರು ಹುಟ್ಟಿದ್ದು ಚೆಂಡಿಯಾದಲ್ಲಿ. ಜಾಗ ನೌಕಾನೆಲೆಗೆ ಹೋದಾಗ ಮನೆಯ ಜೊತೆಗೆ ದೋಣಿ ಎಳೆದು ಹಾಕುವ ಮರಳೂ ಹೋಯಿತು. ಆಮೇಲೆ ಬಹಳ ವರ್ಷ ಕಂಡವರ ದೋಣಿಯಲ್ಲಿ ಆಳಾಗಿ ದುಡಿದರು. ಬಲೆ ಹರಿದದ್ದಕ್ಕೆ ಒಬ್ಬ ಮಾಲಕ ಎಲ್ಲರೆದುರು ಕೆನ್ನೆಗೆ ಹೊಡೆದ. ಆ ದಿನ ಮನೆಗೆ ಬಂದವರು ಊಟಕ್ಕೂ ಕೂರಲಿಲ್ಲ. "ಮಾದೇವಿ, ಸತ್ರೂ ಇನ್ನೊಬ್ಬರ ದೋಣಿ ಹತ್ತೂದಿಲ್ಲ" ಎಂದರು. ನನ್ನ ಬಳೆ ಮಾರಿ ಹಳೆಯದೊಂದು ಡೀಸೆಲ್ ಕಾರು ತಂದೆವು. ಹಿಂದಿನ ಸೀಟು ಕಿತ್ತು ಮೀನುಬುಟ್ಟಿ ಇಟ್ಟೆವು. ನಾನು ಮತ್ತು ಪಕ್ಕದ ಮನೆಯ ಬೊಮ್ಮಕ್ಕ ಬಂದರಿನಲ್ಲಿ ಮೀನು ಕೊಂಡು ಹಿಲ್ಲೂರು ಕಡೆ ಹೋಗಿ ಮಾರುತ್ತಿದ್ದೆವು. ಸ್ಟೇರಿಂಗ್ ಹಿಡಿದು ಕೂತಾಗ ಅವರ ಮುಖ ನೋಡಬೇಕಿತ್ತು.

ಕಳೆದ ವರ್ಷ ಆ ಕಾರಿನ ಎಂಜಿನ್ನು ಪೂರ್ತಿ ಕೈಕೊಟ್ಟಿತು. ರಿಪೇರಿ ಮಾಡುವ ನಿತೇಶ, "ಇದಕ್ಕೆ ಖರ್ಚು ಮಾಡೂದು ದಂಡ. ಹುಬ್ಬಳ್ಳಿ ಗುಜರಿಲಿ ಇದೇ ಮಾಡೆಲ್ಲಿಂದು ನೋಡ್ವ, ಬದಲಿ ಹಾಕ್ವ" ಎಂದ. ಅಷ್ಟರಲ್ಲಿ ಅಂಕೋಲೆಯ ಹಾರವಾಡದಿಂದ ಮಂಗೇಶನ ಫೋನು ಬಂತು. ಮಂಗೇಶ ಎಂದರೆ ನಮ್ಮವರ ತಂಗಿ ಮನಿಷಾಳ ಗಂಡ. ಅವನು ಅಂಥದೇ ಕಾರಿನ ಎಂಜಿನ್ನೊಂದನ್ನು ತನ್ನ ದೋಣಿಗೆ ಕೂರಿಸಿಕೊಂಡಿದ್ದ. ಈಗ ಹೊಸದು ಹಾಕಬೇಕಂತೆ, ಹಳೆಯದನ್ನು ಭಾವನಿಗೇ ಮಾರುತ್ತಾನಂತೆ.

ನಿತೇಶನನ್ನೂ ಕರೆದುಕೊಂಡು ಹೋಗಿ ನೋಡಿದೆವು. ಎರಡು ದಿಮ್ಮಿಗಳ ಮೇಲೆ ಎಂಜಿನ್ನು ಕೂತಿತ್ತು, ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಚಾಲೂ ಮಾಡಿದಾಗ ಸದ್ದು ಚೆನ್ನಾಗಿಯೇ ಇತ್ತು. ನಮ್ಮವರು ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ದೋಣಿಯವರು ಎಂಜಿನ್ನು ನೋಡುವುದೇ ಹಾಗೆ.

ನಿತೇಶ ಅವರ ತೋಳು ಹಿಡಿದು ಬದಿಗೆ ಕರೆದ. "ಅಣ್ಣಾ, ದೋಣಿಲಿ ಇದ್ಕೆ ಸಮುದ್ರದ್ದೇ ನೀರು ಬಿಟ್ಟು ತಂಪು ಮಾಡ್ತಿದ್ರು. ಉಪ್ಪುನೀರು ಕುಡಿದ ಎಂಜಿನ್ನು. ಮೇಲಿನ ಹೆಡ್ ಬಿಚ್ಚಿ ಒಳಗೆ ನೋಡ್ವ."

"ಭಾವನ ಎದುರು ಬಿಚ್ಚೂಕೆ ಹೇಳೂದಾ? ಅವನ ಮರ್ಯಾದೆ ಎಂತಾ ಆಗ್ಬೇಕು?" ಎಂದು ನಮ್ಮವರು ಗದರಿದರು. "ಮಳೆಗಾಲದ ತೂಫಾನಲ್ಲಿ ನಾಕು ಜನರನ್ನ ಮನೆಗೆ ತಂದು ಹಾಕಿದ ಎಂಜಿನ್ನು ಇದು. ಸಮುದ್ರದಲ್ಲಿ ಓಡಿದ್ದಕ್ಕೆ ರಸ್ತೆ ಎಂತಾ ಲೆಕ್ಕ?"

ಮಂಗೇಶ ನಗುತ್ತಾ ತೆಂಗಿನಕಾಯಿ ಅವರ ಕೈಗಿಟ್ಟ. ಎಂಜಿನ್ನಿಗೆ ಕುಂಕುಮ ಹಚ್ಚಿ ಕಾಯಿ ಒಡೆದರೆ ನಮ್ಮಲ್ಲಿ ವ್ಯವಹಾರ ಮುಗಿದ ಹಾಗೆ. ಆಮೇಲೆ ಕೊಟ್ಟವನೂ ತಗೊಂಡವನೂ ದೂರು ಹೇಳುವಂತಿಲ್ಲ. ನಮ್ಮವರು ಒಂದೇ ಏಟಿಗೆ ಒಡೆದರು. ಮನಿಷಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು, ನನ್ನ ಮುಖ ಮಾತ್ರ ನೋಡಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಕಾರಿಗೆ ಹಾಕಿಸಿದೆವು. ಕೆಲವು ದಿನ ಸರಿಯಾಗಿ ಓಡಿತು. ಒಂದು ಬೆಳಿಗ್ಗೆ ಹಿಲ್ಲೂರಿನ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹೋಯಿತು. ಬಾನೆಟ್ಟಿನಿಂದ ಹೊಗೆ ಎದ್ದು ಕಾರು ನಿಂತಿತು. ಕೆಳಗೆ ಸುರಿದ ನೀರು ಕೆಂಪಗಿತ್ತು. ಬೊಮ್ಮಕ್ಕ ಎದೆ ಬಡಿದುಕೊಂಡಳು, ಬುಟ್ಟಿಯ ಬಂಗಡೆ ಬಿಸಿಲಿಗೆ ನಾರತೊಡಗಿತು. ನಿತೇಶ ಬಂದು ಎಳೆಸಿಕೊಂಡು ಹೋಗಿ ಹೆಡ್ ಬಿಚ್ಚಿದ. ನೀರು ಹರಿಯುವ ಗೋಡೆಯನ್ನು ಒಳಗಿಂದ ಉಪ್ಪು ತಿಂದು ಹಾಕಿತ್ತು, ಬೆರಳು ಹಾಕಿದರೆ ತುಕ್ಕು ಕೈಗೆ ಬರುತ್ತಿತ್ತು. ಅವನು ಕೈ ಒರೆಸಿಕೊಂಡ.

ನಾವು ಹಾರವಾಡಕ್ಕೆ ಹೋದೆವು. ಮಂಗೇಶ ಕುರ್ಚಿಯಿಂದ ಏಳಲೂ ಇಲ್ಲ. "ಕಾಯಿ ಒಡೆದದ್ದು ನೀನೇ ಅಲ್ವಾ ಭಾವ?" ಎಂದ. ಎಲಾ ಇವನ! ಅವನ ಕುತ್ತಿಗೆ ಪಟ್ಟಿ ಹಿಡಿಯೋಣ ಎನ್ನಿಸಿತು. ನಾನು ಬಾಯಿ ತೆಗೆಯುವಷ್ಟರಲ್ಲಿ ನಮ್ಮವರು ನನ್ನ ಕೈ ಅದುಮಿದರು. ನಾವು ಕೂಗಾಡಿ ಬಂದರೆ ಅದರ ಸಿಟ್ಟನ್ನು ಅವನು ಮನಿಷಾಳ ಮೇಲೆ ತೀರಿಸುತ್ತಾನೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಕೊಟ್ಟ ಚಹಾ ಕುಡಿದು ಬಂದೆವು.

ಕಾರು ಗುಜರಿಗೆ ಹೋಯಿತು. ನಾನು ಈಗ ಬಸ್ಸಿಗೆ ಕಾಯುತ್ತೇನೆ. ಬುಟ್ಟಿ ನೋಡಿದರೆ ಕೆಲವು ಕಂಡಕ್ಟರರು ನಿಲ್ಲಿಸುವುದೇ ಇಲ್ಲ. ಅಷ್ಟರಲ್ಲಿ ಮಂಗೇಶನ ದೋಣಿಗೆ ಹೊಸ ಎಂಜಿನ್ನು ಬಂತು. ಒಬ್ಬ ಆಳು ಕಡಿಮೆಯಿದ್ದಾನೆ, ಭಾವ ಬರಲಿ ಎಂದು ಹೇಳಿ ಕಳಿಸಿದ. ಬೇರೆ ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ನಮ್ಮವರು ಹೋದರು.

ಸಂಜೆ ಬಂದವರ ಕೈಯಲ್ಲಿ ಕಾಯಿಯ ಒಂದು ಹೋಳಿತ್ತು. "ಹೊಸ ಎಂಜಿನ್ನಿಗೆ ನನ್ನ ಹತ್ರನೇ ಕಾಯಿ ಒಡೆಸ್ದ. ನನ್ನ ಕೈಗುಣ ಒಳ್ಳೇದಂತೆ" ಎಂದರು. ನಾನು ಹೋಳನ್ನು ಕಸಿದು ಹಿತ್ತಿಲಿಗೆ ಎಸೆದೆ. ಅವರು ಹೋಗಿ ಹೆಕ್ಕಿ ತಂದರು, ಮಣ್ಣು ತೊಳೆದು ನನ್ನ ಕೈಯಲ್ಲಿಟ್ಟರು.

"ಮನಿಷಾ ಕೊಟ್ಟದ್ದೆ ಅದು, ಎಸೀಬೇಡ" ಎಂದರು. "ನಾಳೆ ಬೇಗ ಎಬ್ಸು. ತಡ ಆದ್ರೆ ಅವ ಎಲ್ಲರೆದುರು ಬೈತಾನೆ."