ಎಲ್ಲಾ ಆರಾಮ ಅದ ಅಂದೆ

ಬಿಸಿಲಿಗೆ ಕಾದ ಹತ್ತಾರು ಜೊತೆ ಚಪ್ಪಲಿಗಳಿಂದ ಒಂದು ವಾಸನೆ ಏಳುತ್ತದೆ. ತೊಗಲು, ಬೆವರು, ಹೊಲದ ಧೂಳು ಬೆರೆತದ್ದು. ಕಳೆದ ತಿಂಗಳು ಔರಾದದ ಒಂದು ಮದುವೆ ಮನೆಯ ಬಾಗಿಲಲ್ಲಿ ಅದು ಮೂಗಿಗೆ ಬಡಿದಾಗ ನಾನು ಒಳಗೆ ಹೋಗದೆ ಅಲ್ಲೇ ನಿಂತುಬಿಟ್ಟೆ. ಬೀದರಿನ ಚಿದ್ರಿಯಲ್ಲಿದ್ದ ನಮ್ಮ ಮನೆ, ಅಪ್ಪ ಶಾಸಕರಾಗಿದ್ದ ಐದು ವರ್ಷವೂ ಇದೇ ವಾಸನೆಯಲ್ಲಿ ಮುಳುಗಿತ್ತು.

ಅದಕ್ಕೆ ಮೊದಲು ಅಪ್ಪ ಭಾಲ್ಕಿಯಲ್ಲಿ ದನದ ಡಾಕ್ಟರು. ಈಯಲಾರದೆ ಒದ್ದಾಡುವ ಎಮ್ಮೆಯ ಪಕ್ಕ ಮಂಡಿಯೂರಿ, ತೋಳಿನ ತನಕ ಕೈ ಹಾಕಿ ಕರುವನ್ನು ಎಳೆದು ಕೊಡುತ್ತಿದ್ದರು. ಆ ಮನುಷ್ಯನನ್ನು ನಂಬಿ ಹಳ್ಳಿಗಳ ಜನ ಓಟು ಹಾಕಿದರು. ಗೆದ್ದ ಮೇಲೆ ಅದೇ ಕೈಗಳು ಮುಗಿಯುವುದಕ್ಕೆ, ಅರ್ಜಿಗೆ ಸಹಿ ಮಾಡುವುದಕ್ಕೆ ಮಾತ್ರ ಉಳಿದವು. ನಮ್ಮ ಪಡಸಾಲೆ ಊರಿನದಾಯಿತು. ಅವ್ವ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ಓಡಾಡಿಕೊಂಡಿದ್ದಳು; ಮುಂಬಾಗಿಲಿನಿಂದ ಅವಳು ಹೊರಗೆ ಹೋದ ನೆನಪೇ ನನಗಿಲ್ಲ. ನಾನು ಬಚ್ಚಲುಮನೆಯ ಕಟ್ಟೆಯ ಮೇಲೆ ಕೂತು ಪಾಠ ಓದುತ್ತಿದ್ದೆ. ಒಬ್ಬಳೇ ಇರಬಹುದಾಗಿದ್ದ ಜಾಗ ಅದೊಂದೇ. ಒಮ್ಮೆ ಅಪ್ಪ ಉಣ್ಣುವಾಗ ಅವ್ವ ಕೇಳಿದಳು, "ಇದನ್ನ ಬಿಟ್ಟು ಮತ್ತ ದವಾಖಾನಿಗಿ ಹೋಗಂಗಿಲ್ಲೇನ್ರಿ?" ಅಪ್ಪ ರೊಟ್ಟಿ ಮುರಿಯುತ್ತ, "ಈಗ ಯಾವ ಹಾದಿ ಹಿಡಿದು ಹೊಳ್ಳಿ ಹೋಗ್ಲಿ?" ಅಂದರು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಸರ್ಕಾರ ಅಲುಗಾಡಿತು. ವಿಶ್ವಾಸಮತ ಮುಗಿಯುವ ತನಕ ಯಾರೂ ವಿರೋಧಿಗಳ ಕಡೆಗೆ ಜಾರಬಾರದೆಂದು ಪಕ್ಷದವರು ಶಾಸಕರನ್ನೆಲ್ಲ ಬೆಂಗಳೂರಿನಾಚೆಯ ಒಂದು ರೆಸಾರ್ಟಿನಲ್ಲಿ ಇಟ್ಟರು, ಫೋನುಗಳನ್ನು ಇಸಿದುಕೊಂಡರು. ಅದೇ ವಾರ ಅಪ್ಪನ ಊರು ಸಾಯಗಾಂವದಲ್ಲಿ ಅವರ ತಾಯಿ ಹಾಸಿಗೆ ಹಿಡಿದಳು; ನಾನು, ಅವ್ವ ಅಲ್ಲಿಗೆ ಹೋದೆವು. ನಾವು ಅವಳನ್ನು ಆಯಿ ಅನ್ನುತ್ತಿದ್ದೆವು. ಜೋಳದ ಚೀಲಗಳ ಬಿಸುಪು ತುಂಬಿದ ಆ ಕೋಣೆಯಲ್ಲಿ ಕಣ್ಣು ಮುಚ್ಚಿಯೇ ಅವಳು ಕೇಳುತ್ತಿದ್ದಳು, "ಡಾಕ್ಟರ್ ಬಂದ್ನಾ?" ಭಾಲ್ಕಿಯಿಂದ ಡಾಕ್ಟರನ್ನು ಕರೆತಂದರೆ ಮುಖ ತಿರುಗಿಸಿದಳು. ಅವಳಿಗೆ ಡಾಕ್ಟರೆಂದರೆ ಮಗ.

ಎರಡನೆಯ ದಿನ ಮಧ್ಯಾಹ್ನ ಕಾಕಾನ ಫೋನು ಬಡಿಯಿತು. ಯಾರದೋ ಫೋನಿನಿಂದ ಅಪ್ಪನಿಗೆ ಒಂದು ನಿಮಿಷ ಸಿಕ್ಕಿತ್ತು. ಮಗಳ ಜೊತೆ ಮಾತಾಡಬೇಕಂತೆ. ಕಾಕಾ ಅಪ್ಪನ ತಮ್ಮ, ಅವರ ರಾಜಕೀಯವನ್ನೆಲ್ಲ ನೋಡಿಕೊಳ್ಳುತ್ತಿದ್ದವನು. ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಆಯಿಂದು ಹೇಳಬ್ಯಾಡ. ಅಂವ ಅಲ್ಲಿಂದ ಹೊಂಟ್ರ ಆ ಕಡಿ ಹೋದ ಅಂತಾರ, ಮುಗೀತು ಅವಂದು. ಎಲ್ಲಾ ಆರಾಮ ಅದ ಅನ್ನು, ಸಾಕು." ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನನ್ನೇ ನೋಡುತ್ತಿದ್ದಳು.

"ಆಯಿ ಹ್ಯಾಂಗಿದ್ದಾಳವ್ವಾ?" ಅಪ್ಪ ಕೇಳಿದರು.

"ಎಲ್ಲಾ ಆರಾಮ ಅದ," ಅಂದೆ. ಒಳಗೆ ಯಾರೋ ಆಯಿಯ ಬಾಯಿಗೆ ಚಮಚದಿಂದ ನೀರು ಬಿಡುತ್ತಿದ್ದರು. ಫೋನಿನಲ್ಲಿ ಅಪ್ಪನ ಉಸಿರು ಕೇಳಿಸಿತು, ಆಮೇಲೆ ಫೋನು ಕಟ್ಟಾಯಿತು.

ಮರುದಿನ ಬೆಳಿಗ್ಗೆ ಆಯಿ ಹೋದಳು. ಕಾಕಾ ಬೆಂಕಿ ಇಟ್ಟ. ಸಂಜೆ ಅಪ್ಪ ಸದನದಲ್ಲಿ ತಮ್ಮ ಸಾಲಿನವರೊಂದಿಗೆ ಎದ್ದು ನಿಂತದ್ದನ್ನು ಪಕ್ಕದ ಮನೆಯ ಟಿವಿಯಲ್ಲಿ ಕಂಡೆ. ಸರ್ಕಾರ ಉಳಿಯಿತು. ಮೂರನೆಯ ದಿನ, ಸುದ್ದಿ ತಿಳಿದು ಬಂದ ಅಪ್ಪ ತಲೆ ಬೋಳಿಸಿಕೊಂಡು ಬೂದಿಯ ಮುಂದೆ ಕೂತರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಅತ್ತು ಹಗುರಾಗುತ್ತಿದ್ದೆ.

ಮುಂದಿನ ಚುನಾವಣೆಗೆ ಅವರಿಗೆ ಟಿಕೆಟ್ ಸಿಗಲಿಲ್ಲ. ವಾರದೊಳಗೆ ಪಡಸಾಲೆ ಖಾಲಿಯಾಯಿತು. ಅಪ್ಪ ಮತ್ತೆ ದನ ಮುಟ್ಟಲಿಲ್ಲ. ಕರೆಯಲು ಬಂದವರಿಗೆ ಬೇರೆ ಡಾಕ್ಟರ ಹೆಸರು ಹೇಳಿ ಕಳಿಸುತ್ತಿದ್ದರು. ನನ್ನ ಸುಳ್ಳನ್ನು ಇಪ್ಪತ್ತು ವರ್ಷ ಅವರ ಮುಂದೆ ಒಪ್ಪಿಕೊಳ್ಳಲಿಲ್ಲ. ಹೋದ ವರ್ಷ, ಅವರು ತೀರಿಕೊಳ್ಳುವ ಕೆಲವು ವಾರ ಮೊದಲು, ಒಂದು ಸಂಜೆ ಹೇಳಿಬಿಟ್ಟೆ.

"ಗೊತ್ತಿತ್ತವ್ವಾ," ಅಂದರು. "ನಿನ್ನ ದನಿನೇ ಬ್ಯಾರೆ ಇತ್ತು."

"ಮತ್ತ ಯಾಕ ಬರ್ಲಿಲ್ರಿ?"

"ನಮ್ಮನ್ನ ಕೂಡಿ ಹಾಕಿದ್ರು ಅಂತ ಎಲ್ಲಾರೂ ತಿಳ್ಕೊಂಡಾರ. ಗೇಟ್ ತೆರದೇ ಇತ್ತು, ಕೀಲಿ ಹಾಕಿರ್ಲಿಲ್ಲ. ನಾ ಅಲ್ಲಿತನಕ ನಡಕೋತ ಹೋದೆ. ಹೋಗಿ, ಹೊಳ್ಳಿ ಬಂದೆ."

ಈಗ ಅಪ್ಪನಿಲ್ಲ, ಅವ್ವನೂ ಇಲ್ಲ. ಚಿದ್ರಿಯ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ತಂದೆಯನ್ನು ಊರಿಗೆಲ್ಲ ಹಂಚಿಕೊಟ್ಟು ಬೆಳೆದವರು ನಿಮ್ಮಲ್ಲಿದ್ದರೆ ನಿಮಗೆ ತಿಳಿದೀತು: ಅಪ್ಪ ಪೂರ್ತಿ ನನ್ನವರಾಗಿದ್ದದ್ದು ಗೇಟಿನ ಮಾತು ಹೇಳಿದ ಆ ಒಂದು ಸಂಜೆ ಮಾತ್ರ.