ಪರದೆಯ ಮೇಲೆ ಬಾರದ ಹೆಸರು

‘ಬೂದಿಯ ಊರು’ ಎಂಬ ಟೀವಿ ನಾಟಕದ ಕೊನೆಯ ಕಂತನ್ನು ಬರೆದವನು ನಾನಲ್ಲ. ನಾನೇ ಎಂದು ಹೇಳಿದ್ದೆ. ಅದು ಸುಳ್ಳು. ಈಗ ಆ ನಾಟಕ ಪುಸ್ತಕವಾಗಿ ಅಚ್ಚಾಗುತ್ತಿದೆ. ಓದುಗರು ನಾಟಕವನ್ನು ಓದುವ ಮೊದಲು ಈ ಪುಟಗಳನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಆ ಕಂತು ರಜಿಯಾ ನದಾಫ ಅವರದು. ಈ ಶತಮಾನದ ಮೊದಲ ವರ್ಷಗಳಲ್ಲಿ ಅವರು ರೋಣದ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಿದ್ದರು. ಪಿಯುಸಿಯ ನಂತರ ಓದು ನಿಂತಿತ್ತು. ಅವರ ತಂದೆ ಇಮಾಮಸಾಬರು ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ನಾನು ಲಕ್ಕಲಕಟ್ಟಿಯವನು, ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ನೌಕರಿಯ ಅರ್ಜಿಗಳನ್ನು ಟೈಪ್ ಮಾಡಿಸಲು ಅಲ್ಲಿಗೆ ಹೋಗುತ್ತಿದ್ದೆ. ಒಂದು ಅಕ್ಷರ ತಪ್ಪಿದರೂ ಕಂಪ್ಯೂಟರಿನಲ್ಲಿ ತಿದ್ದಿಸಿ ಇಡೀ ಹಾಳೆಯನ್ನು ಮತ್ತೆ ಪ್ರಿಂಟ್ ತೆಗೆಸುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರಾದ ಅವರನ್ನು ರಜಿಯಾಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಶಿವಾನಂದ ಎನ್ನುತ್ತಿದ್ದರು. ಚೇಷ್ಟೆಗೆ ‘ಸರ’ ಎನ್ನುತ್ತಿದ್ದರು.

ಯಾರೋ ಗಿರಾಕಿ ಮರೆತುಹೋದ ಒಂದು ಸಿ.ಡಿ.ಯಲ್ಲಿ ಕಂಪ್ಯೂಟರ್ ಆಟವೊಂದಿತ್ತು. ಲೋಕವೆಲ್ಲ ಸುಟ್ಟುಹೋಗಿದೆ, ಆಕಾಶದಿಂದ ಬೂದಿ ಉದುರುತ್ತಲೇ ಇದೆ. ಉಳಿದ ಒಬ್ಬ ಹೆಂಗಸು ಕೈಗಾಡಿ ತಳ್ಳಿಕೊಂಡು ಐದು ಹಾಳೂರುಗಳನ್ನು ದಾಟಿ ಬೆಟ್ಟದ ಕೋಟೆಯನ್ನು ಸೇರಬೇಕು. ದಾರಿಯಲ್ಲಿ ಸಿಕ್ಕ ಹಿಟ್ಟು, ಎಣ್ಣೆ, ಬಟ್ಟೆಯನ್ನೆಲ್ಲ ಗಾಡಿಗೆ ಹೇರಿಕೊಳ್ಳಬೇಕು. ಅಡ್ಡ ಬಂದವರನ್ನು ಹೊಡೆಯಬೇಕು. ಕೋಟೆಯನ್ನು ಹೊಕ್ಕೊಡನೆ ಬಾಗಿಲು ಮುಚ್ಚಬೇಕು. ಮುಚ್ಚಿದರೆ ಗೆಲುವು. ಮುಚ್ಚದಿದ್ದರೆ ಬೆನ್ನಟ್ಟಿ ಬಂದವರು ಒಳಗೆ ನುಗ್ಗುತ್ತಾರೆ, ಪರದೆ ಕಪ್ಪಾಗುತ್ತದೆ, ‘ಆಟ ಮುಗಿಯಿತು’ ಎಂದು ಬರುತ್ತದೆ.

ಇಂಗ್ಲಿಷಿನ ಸೂಚನೆಗಳನ್ನು ಓದಿ ಅರ್ಥ ಹೇಳುವುದು ನನ್ನ ಕೆಲಸವಾಗಿತ್ತು. ಆಡುವವರು ರಜಿಯಾಕ್ಕ. ಆದರೆ ಅವರು ಸೂಚನೆಯಂತೆ ಆಡುತ್ತಿರಲಿಲ್ಲ. ಒಂದೊಂದು ಹಾಳೂರಿನಲ್ಲಿಯೂ ಗಾಡಿಯಿಂದ ಏನಾದರೊಂದನ್ನು ಇಳಿಸಿಟ್ಟು ಮುಂದೆ ಹೋಗುತ್ತಿದ್ದರು — ಒಂದೆಡೆ ಹಿಟ್ಟು, ಇನ್ನೊಂದೆಡೆ ಕಂಬಳಿ. ಕೋಟೆಗೆ ಬಂದಾಗ ಬಾಗಿಲು ಮುಚ್ಚುತ್ತಿರಲಿಲ್ಲ.

“ಅಕ್ಕಾ, ಬಾಗಲಾ ಮುಚ್ಚು! ಸೋಲತಿ ನೋಡ!”

“ಸೋತ್ರ ಸೋಲ್ಲಿ ಬಿಡೋ. ಬಾಗಲಾ ಹಾಕ್ಕೊಂಡು ಒಬ್ಬಾಕೀನ ಕುಂತ್ರ ಅದಕ್ಕ ಬದುಕೂದು ಅಂತಾರೇನು?”

ಪರದೆ ಕಪ್ಪಾಗುತ್ತಿತ್ತು. ನಾನು ನಕ್ಕರೆ ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, “ಮುಗೀತು ಅಂತ ಕಂಪ್ಯೂಟರ್ ಅಂತೈತಿ. ನಾ ಎಲ್ಲಿ ಅಂದೀನಿ?” ಎಂದು ಆ ಕತ್ತಲೆಯ ನಂತರದ ಕಥೆಯನ್ನು ಹೇಳತೊಡಗುತ್ತಿದ್ದರು. ಒಳನುಗ್ಗಿದವರು ವೈರಿಗಳಲ್ಲ, ಅವಳು ಬಿಟ್ಟುಬಂದ ಹಿಟ್ಟನ್ನೂ ಕಂಬಳಿಯನ್ನೂ ಹೊತ್ತು ಅವಳನ್ನು ಹುಡುಕಿಕೊಂಡು ಬಂದವರು. ಕೋಟೆಯ ಅಂಗಳದಲ್ಲಿ ಒಲೆ ಹೂಡುತ್ತಾರೆ, ರೊಟ್ಟಿ ಬಡಿಯುತ್ತಾರೆ — ಆ ರೊಟ್ಟಿಯ ಸಪ್ಪಳವೇ ಹೊಸ ಲೋಕದ ಮೊದಲ ಸಪ್ಪಳ. ಆಟವನ್ನು ಮಾಡಿದವರಿಗೆ ಇದು ಗೊತ್ತಿರಲಿಲ್ಲ. ನನಗಂತೂ ಹೊಳೆದೇ ಇರಲಿಲ್ಲ.

ಅದೇ ವೇಳೆಗೆ ಗಜೇಂದ್ರಗಡದ ಕೇಬಲ್ ಟೀವಿಯವರು ನಾಲ್ಕು ಕಂತುಗಳ ನಾಟಕವೊಂದನ್ನು ಬರೆದುಕೊಡುವಂತೆ ನನ್ನನ್ನು ಕೇಳಿದರು. ಈ ಆಟವನ್ನೇ ನಾಟಕವಾಗಿಸುವುದೆಂದು ತೀರ್ಮಾನಿಸಿದೆ. ಕೊನೆಯ ಕಂತನ್ನು ಮಾತ್ರ ರಜಿಯಾಕ್ಕ ಹೇಳಿದಂತೆಯೇ, ಮಾತಿಗೆ ಮಾತು ಬರೆದುಕೊಂಡೆ. ಎಲ್ಲವೂ ಕ್ರಮಬದ್ಧವಾಗಿರಬೇಕೆಂಬ ಹಟ ನನ್ನದು. ಆಟವನ್ನು ಮಾಡಿದ ಪರದೇಶದ ಸಣ್ಣ ಕಂಪನಿಗೆ ಅನುಮತಿ ಕೋರಿ ಪತ್ರ ಬರೆದೆ. ಟೈಪ್ ಮಾಡಿದವರು ರಜಿಯಾಕ್ಕನೇ. ‘ಮಾಡಿಕೊಳ್ಳಿ, ನಮ್ಮ ಹೆಸರನ್ನು ಹಾಕಿರಿ’ ಎಂದು ಎರಡು ಸಾಲಿನ ಉತ್ತರ ಬಂತು. ಅವರ ಹೆಸರನ್ನು ನಾನು ಹಾಕಿದೆ — ಒಂದಕ್ಷರವೂ ತಪ್ಪದಂತೆ.

ಗಜೇಂದ್ರಗಡದ ಗುಡ್ಡದ ಮೇಲೆ ಚಿತ್ರೀಕರಣ ನಡೆಯಿತು. ಉದುರುವ ಬೂದಿಗೆ ಏನು ಮಾಡುವುದೆಂದು ತಿಳಿಯದೆ ಕುಳಿತಾಗ ಇಮಾಮಸಾಬರು ಹಳೆಯ ಗಾದಿಗಳ ಮಾಸಿದ ಹತ್ತಿಯನ್ನು ಹಿಂಜಿ ಎರಡು ಚೀಲ ಕಳಿಸಿದರು. ಗಾಳಿಗೆ ತೂರಿದಾಗ ಅದು ಬೂದಿಯೇ. ನಾಲ್ಕನೆಯ ಕಂತಿನ ಚಿತ್ರೀಕರಣ ಮುಗಿದಾಗ ಅಲ್ಲಿದ್ದವರೆಲ್ಲ ಆ ಕೊನೆಯ ಬಗ್ಗೆಯೇ ಮಾತಾಡಿದರು. ಆಮೇಲೆ ನಿರ್ದೇಶಕರು ನನ್ನ ಬಳಿಗೆ ಬಂದರು.

“ಸರ್ರ, ಈ ಕೊನಿ ಆಟದಾಗ ಐತೇನ್ರಿ?”

“ಆಟದಾಗ ಇಲ್ರಿ.”

“ಮತ್ತ ಯಾರದ್ರಿ ಇದು?”

“ನಂದ ರೀ.”

ಇಷ್ಟೇ. ಎರಡು ಪದ. ಪದವೀಧರನೊಬ್ಬ ಟೈಪಿಂಗ್ ಅಂಗಡಿಯಲ್ಲಿ ಕೇಳಿದ್ದನ್ನು ಬರೆದುಕೊಂಡು ಬಂದನೆಂದು ಜನ ನಕ್ಕಾರೆಂಬ ಅಂಜಿಕೆ — ಬೇಡ. ಕಾರಣವನ್ನು ಬರೆಯಹೊರಟರೆ ಅದು ನೆಪವಾಗುತ್ತದೆ. ಆ ಮಾತನ್ನು ಯಾರೂ ನನ್ನಿಂದ ಬಲವಂತವಾಗಿ ಹೇಳಿಸಲಿಲ್ಲ.

ಹೆಸರುಗಳ ಪಟ್ಟಿಯನ್ನು ಬರೆದುಕೊಟ್ಟವನೂ ನಾನೇ. ನಮ್ಮ ಕಡೆ ಊರಿನ ನಾಟಕಗಳಲ್ಲಿ ಆಯೇರಿ ಎಂಬ ಪದ್ಧತಿಯುಂಟು: ನಟನಿಗೆ ಒಂದು ಟವೆಲ್ ಹೊದಿಸಿದವರ ಹೆಸರನ್ನೂ ಆಟ ನಿಲ್ಲಿಸಿ ಮೈಕಿನಲ್ಲಿ ಕೂಗುತ್ತಾರೆ. ಆ ಪದ್ಧತಿಯಂತೆ ‘ಹತ್ತಿ ಕೊಟ್ಟವರು: ಇಮಾಮಸಾಬ ನದಾಫ’ ಎಂದು ಬರೆದೆ. ಕಥೆ ಕೊಟ್ಟವರ ಹೆಸರನ್ನು ಬರೆಯಲಿಲ್ಲ.

ರೋಣ, ನರಗುಂದ, ಗಜೇಂದ್ರಗಡ — ಮೂರೂ ಊರುಗಳ ಕೇಬಲ್‌ನಲ್ಲಿ ನಾಟಕ ಬಂತು. ಕೊನೆಯ ಕಂತಿನ ಭಾನುವಾರದ ಬೆಳಗ್ಗೆ ಇಮಾಮಸಾಬರು ನನ್ನನ್ನು ಮನೆಗೆ ಕರೆದರು. ಹೋಗದಿದ್ದರೆ ಸಂಶಯ ಬರುತ್ತದೆಂದು ಹೋದೆ. ನೋಡಿ, ಅಷ್ಟು ಲೆಕ್ಕಾಚಾರ. ಕೊನೆಯ ಕಂತು ಮಗಳು ಹೇಳಿದ ಕಥೆ, ಅವಳ ಹೆಸರು ಟೀವಿಯಲ್ಲಿ ಬಂದೇ ಬರುತ್ತದೆಂದು ಓಣಿಯ ಜನರನ್ನೆಲ್ಲ ಅವರು ಕೂಡಿಸಿದ್ದರು. ನನಗಾಗಿ ಹೊಸ ಗಾದಿ ಹಾಸಿದ್ದರು.

ನಾಟಕ ಮುಗಿಯಿತು. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ನಾಲ್ಕನೆಯ ಇಯತ್ತೆ ಓದಿದ ಇಮಾಮಸಾಬರು ಟೀವಿಯ ಮುಂದೆಯೇ ಕುಳಿತು ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರವನ್ನು ಕೂಡಿಸುತ್ತಿದ್ದರು.

“ಇ... ಮಾ... ಮ... ಅರೇ, ಇದು ನಂದು!”

“ಹತ್ತಿ ಸಾಹೇಬ್ರು ಟೀವ್ಯಾಗ ಬಂದ್ರಪಾ!” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವರು ಮಾತ್ರ ಮತ್ತೆ ಪರದೆಯ ಕಡೆ ಬಾಗಿದರು. ಹೆಸರುಗಳು ಮುಗಿದವು. ಜಾಹೀರಾತು ಬಂತು. ಅವರು ಅದನ್ನೂ ನೋಡಿದರು.

“ಬೇಟಾ, ನಿಂದ ಎಲ್ಲಿ ಬಂತು? ನನಗ ಕಾಣಲಿಲ್ಲಲ್ಲ.”

ರಜಿಯಾಕ್ಕ ನನ್ನನ್ನು ನೋಡಿದರು. ಒಮ್ಮೆ ಮಾತ್ರ. ನಾನು ಬಾಯಿ ತೆರೆಯಬಹುದಾಗಿತ್ತು — ಅಷ್ಟು ಹೊತ್ತು ಅವರು ಕಾದರು.

“ಬಂತಲ್ಲಪ್ಪಾ,” ಎಂದರು. “ನಿಮ್ಮ ಹೆಸರು ಓದಕೋತ ಕುಂತ್ರಿ. ಅಷ್ಟ್ರಾಗ ನಂದು ಲಗೂ ಹೋತು.”

ನಾನು ಚಹಾ ಕುಡಿದು ಮನೆಗೆ ಹೋದೆ. ಆ ಕೊನೆಯ ಕಂತನ್ನು ಮೆಚ್ಚಿದ ಹುಬ್ಬಳ್ಳಿಯ ನಿರ್ಮಾಪಕರೊಬ್ಬರು ಧಾರಾವಾಹಿಗೆ ಸಂಭಾಷಣೆ ಬರೆಯಲು ನನ್ನನ್ನು ಕರೆದರು. ಆ ಕರೆ ಬರಬೇಕಾಗಿದ್ದದ್ದು ರೋಣದ ಟೈಪಿಂಗ್ ಅಂಗಡಿಗೆ. ರಜಿಯಾಕ್ಕ ಮದುವೆಯಾಗಿ ನರಗುಂದಕ್ಕೆ ಹೋದರು. ಅಲ್ಲಿಯೂ ಬೇರೆಯವರ ಅರ್ಜಿಗಳನ್ನೇ ಟೈಪ್ ಮಾಡಿದರು.

ಕಳೆದ ತಿಂಗಳು ಹೊಳೆಆಲೂರಿನ ರೈಲು ನಿಲ್ದಾಣದಲ್ಲಿ ಇಮಾಮಸಾಬರು ಭೇಟಿಯಾದರು. ಗೋಡೆಯ ಮೇಲಿನ ಫಲಕವನ್ನು ಬೆರಳಿಟ್ಟು ಓದುತ್ತಿದ್ದರು — ಬಾಯೊಳಗೇ, ಅವಸರದಿಂದ. ನನ್ನನ್ನು ಕಂಡು ನಾಚಿದರು.

“ಓದೂದು ಜಲ್ದಿ ಮಾಡ್ಕೊಳ್ಳಾಕತ್ತೀನ್ರಿ ಸರ್ರ. ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಏನ್ ಕಂಡ್ರೂ ಓದತೀನಿ. ಆ ನಾಟಕ ಮತ್ತ ಯಾವಾಗ ಹಾಕ್ತಾರ್ರೀ? ಅವತ್ತ ನನ್ನ ಹೆಸರಿನ ಆಸೇಕ ಬಿದ್ದು ಮಗಳ ಹೆಸರು ಕಳಕೊಂಡ್ನಿ. ಈ ಸಲ ನಂದು ನೋಡೂದಿಲ್ರಿ. ಆಕೀದೊಂದ ನೋಡತೀನಿ.”

ಐದು ವರ್ಷ. ನನ್ನ ಸುಳ್ಳನ್ನು ಆ ಹಿರಿಯರು ತಮ್ಮ ತಪ್ಪೆಂದು ಹೊತ್ತು ಊರೂರ ಫಲಕಗಳನ್ನು ಓದುತ್ತಿದ್ದರು.

ಮರುದಿನವೇ ನರಗುಂದಕ್ಕೆ ಹೋದೆ. ಪುಸ್ತಕದಲ್ಲಿ ಹೆಸರು ಹಾಕುತ್ತೇನೆಂದೂ, ಕ್ಷಮಿಸಬೇಕೆಂದೂ ರಜಿಯಾಕ್ಕನಿಗೆ ಹೇಳಿದೆ. ಅವರು ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ.

“ಏನ್ ಸರ, ಒಂದ್ ಹೆಸರು ಬರಿಯಾಕ ಐದ್ ವರ್ಷ ಬೇಕಾತೇನು?”

ಆಮೇಲೆ ಕೈ ನಿಂತಿತು.

“ನೀ ಸುಳ್ಳು ಹೇಳಿದ್ದು ನಾ ಯಾವಾಗೋ ಬಿಟ್ಟೀನಿ. ನನ್ನ ಬಾಯಿಂದ ಅಪ್ಪಗ ಸುಳ್ಳು ಹೇಳಿಸಿದಿ ನೋಡು — ಅದು ಬಿಡಾಕ ಬರವಲ್ದು. ಪುಸ್ತಕ ಆಮ್ಯಾಲ. ಮೊದಲ ಹೋಗಿ ಅಪ್ಪಗ ಹೇಳು. ನಾ ಹೇಳೂದಿಲ್ಲ. ನೀ ಹೇಳಬೇಕು.”

ಕ್ಷಮೆಯ ಮಾತು ಅವರು ಆಡಲಿಲ್ಲ. ಮತ್ತೆ ಕೇಳುವ ಹಕ್ಕು ನನಗಿಲ್ಲ.

ಪುಸ್ತಕದ ಪ್ರಕಾಶಕರು ಈ ಪುಟಗಳನ್ನು ಓದಿ, ಇಷ್ಟೆಲ್ಲ ಬೇಡ, ‘ಸಹಕಾರ: ರಜಿಯಾ’ ಎಂದು ಒಂದು ಸಾಲು ಹಾಕಿದರೆ ಸಾಕೆಂದರು. ನಾನು ಒಪ್ಪಲಿಲ್ಲ. ರಜಿಯಾ ಅವರದು ಸಹಕಾರವಲ್ಲ. ಈ ಪುಟಗಳಿಲ್ಲದೆ ಪುಸ್ತಕ ಹೊರಬರುವುದಿಲ್ಲ. ನಾಲ್ಕನೆಯ ಕಂತಿನ ತಲೆಯ ಮೇಲೆ ಅವರ ಹೆಸರೊಂದೇ ಇರುತ್ತದೆ, ದೊಡ್ಡ ಅಕ್ಷರಗಳಲ್ಲಿ. ಹುಬ್ಬಳ್ಳಿಯ ನಿರ್ಮಾಪಕರಿಗೂ ನಿಜವನ್ನು ಬರೆದು ಪತ್ರ ಕಳಿಸಿದ್ದೇನೆ. ಅವರು ನನ್ನನ್ನು ತೆಗೆದುಹಾಕಿದರೆ ಅದು ನ್ಯಾಯವೇ.

ನಾಳೆ ಬೆಳಗ್ಗೆ ರೋಣಕ್ಕೆ ಹೋಗುತ್ತೇನೆ. ಈ ಹಾಳೆಗಳನ್ನು ಇಮಾಮಸಾಬರ ಕೈಗೆ ಕೊಟ್ಟು ಓದಿರೆಂದು ಹೇಳುವುದಿಲ್ಲ. ಎದುರಿಗೆ ಕುಳಿತು ನಾನೇ ಓದುತ್ತೇನೆ. ಓಣಿಯ ಜನರಿದ್ದರೆ ಅವರೂ ಕೇಳಲಿ — ಅಂದು ಅವರೂ ಇದ್ದರಲ್ಲ. ಆದರೆ ಹಾಳೆಗಳನ್ನು ಬಿಚ್ಚುವ ಮೊದಲು ಒಂದು ಮಾತನ್ನು ಹೇಳಬೇಕಾಗಿದೆ. ಅದನ್ನು ಮನಸ್ಸಿನಲ್ಲಿ ಎಷ್ಟೋ ಸಲ ತಿದ್ದಿ ತಿದ್ದಿ, ಕೊನೆಗೆ ತಿದ್ದುವುದನ್ನೇ ಬಿಟ್ಟಿದ್ದೇನೆ:

“ಕಾಕಾ, ಅವತ್ತ ನೀವು ಬರೋಬ್ಬರಿ ಓದಿದ್ರಿ. ಹೆಸರು ಇರಲಿಲ್ಲ.”